ಹೆಸರಿಟ್ಟು ಕರೆದ ತಪ್ಪು

ನಾನು ಪಾಠ ಮಾಡುವ ಕಾನ್ವೆಂಟ್ ಶಾಲೆಯಲ್ಲಿ, ತರಗತಿಯೊಳಗೆ ಕಾಲಿಟ್ಟೊಡನೆ ಮಕ್ಕಳೆಲ್ಲ ಎದ್ದು ನಿಂತು ರಾಗವಾಗಿ "ನಮಸ್ತೇ ಟೀಚರ್" ಎನ್ನುತ್ತಾರೆ. ಹಿರಿಯರಿಗೆ ದಾರಿ ಬಿಡಬೇಕು, ಆಕಳಿಸುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕು, ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಇವನ್ನೆಲ್ಲ ಮಗ್ಗಿಯಂತೆ ಕಲಿಸುತ್ತ ಬಂದವಳು ನಾನು. ಕಥೋಲಿಕ ಶಾಲೆಗಳಲ್ಲಿ ಈ ಪಾಠಕ್ಕೆ ಮುನ್ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆಯೆಂದು ತಿಳಿದದ್ದು ಮಾತ್ರ ತಡವಾಗಿ, ಸ್ಟಾಫ್ ರೂಮಿನ ಕಪಾಟಿನಲ್ಲಿದ್ದ ಹಳೆಯ ಪುಸ್ತಕವೊಂದರಿಂದ.

ಫ್ರಾನ್ಸಿನ ರೀಮ್ಸ್ ನಗರದ ಸಿರಿವಂತ ಮನೆಯಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜಾನ್ ಬ್ಯಾಪ್ಟಿಸ್ಟ್ ಡೆ ಲಾ ಸಾಲ್. 1679ರಲ್ಲಿ ಬಡ ಹುಡುಗರಿಗಾಗಿ ಅಲ್ಲಿ ಉಚಿತ ಶಾಲೆಯೊಂದು ತೆರೆಯಲು ಅವರು ನೆರವಾದರು. ಆಗ ಮೇಷ್ಟ್ರುಗಳೆಂದರೆ ಯಾರಿಗೂ ಬೇಡದವರು. ಅಂಥವರನ್ನು ಈತ 1681ರಲ್ಲಿ ತಮ್ಮ ಮನೆಯಲ್ಲೇ ಇರಿಸಿಕೊಂಡಾಗ ಬಂಧುಗಳು ಸಿಡಿಮಿಡಿಗೊಂಡರು. 1703ರಲ್ಲಿ ಅವರು ಸಭ್ಯತೆಯ ನಿಯಮಗಳ ಪುಸ್ತಕವನ್ನೇ ಬರೆದರು. ಮೂಗು ಒರೆಸುವುದು, ಊಟಕ್ಕೆ ಕೂರುವುದು, ಬಟ್ಟೆ ತೊಡುವುದು, ಮಾತಾಡುವುದು, ಎಲ್ಲವೂ ಅದರಲ್ಲಿತ್ತು. ಕುಶಲಕರ್ಮಿಗಳ, ಬಡವರ ಮಕ್ಕಳಿಗೆ ಅದೇ ಓದುವ ಪಾಠಪುಸ್ತಕವೂ ಆಯಿತು. ದೊಡ್ಡಮನೆಯವರ ಸೊತ್ತಾಗಿದ್ದ ನಯವಿನಯ ಹೀಗೆ ಬಡವರ ಬೆಂಚಿಗೂ ಬಂತು. ಎದುರಿಗಿರುವವನಲ್ಲೂ ದೇವರಿದ್ದಾನೆ, ಆದ್ದರಿಂದ ಗೌರವ ಎಂಬುದು ಅವರ ನಂಬಿಕೆ.

ಇಷ್ಟೇ ಆಗಿದ್ದರೆ ನಾನು ಮೆಚ್ಚಿ ಪುಸ್ತಕ ಮುಚ್ಚುತ್ತಿದ್ದೆ. ಆದರೆ ಅವರ ಸಂಘದ ಶಿಕ್ಷಕರಿಗೂ ಒಂದು ನಿಯಮವಿತ್ತು: ಮಕ್ಕಳಿಗೆ ಅವಮಾನದ ಹೆಸರಿಡಬಾರದು, ಅವರವರ ಹೆಸರಿನಿಂದಲೇ ಕರೆಯಬೇಕು. ಬೆತ್ತವನ್ನು ಪೂರ್ತಿ ಬಿಟ್ಟ ಕಾಲವಲ್ಲ ಅದು. ಆದರೂ ಮಾತಿನ ಪೆಟ್ಟು ಅವರಿಗೆ ಗೊತ್ತಿತ್ತು.

ಓದಿದೊಡನೆ ನನಗೆ ನೆನಪಾದದ್ದು ಎಂಟು ವರ್ಷದ ಒಬ್ಬ ಹುಡುಗಿ. ದಿನವೂ ತಡವಾಗಿ ಬರುತ್ತಿದ್ದವಳಿಗೆ ನಾನು ತಮಾಷೆಗೆ "ಆಮೆ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಮರುದಿನದಿಂದ ಎಲ್ಲರಿಗೂ ಅವಳು ಆಮೆಯೇ. ಆದರೂ ಬಾಗಿಲಲ್ಲಿ ಕೈಜೋಡಿಸಿ "ನಮಸ್ತೇ ಟೀಚರ್" ಎನ್ನುವುದನ್ನು ಅವಳು ತಪ್ಪಿಸಲಿಲ್ಲ. ಒಂದು ದಿನ ಬೀಡಿ ಕಟ್ಟುವ ಅವಳ ತಾಯಿ ಬಂದು, "ಟೀಚರೇ, ನೀರು ತಂದಿಟ್ಟು, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಅವಳು ಬರಬೇಕು. ಬೈಯಿರಿ, ಆದರೆ ಆ ಹೆಸರು ಬೇಡ" ಎಂದರು. ಅಂದು ಏನೋ ಸಮಜಾಯಿಷಿ ಹೇಳಿ ಕಳುಹಿಸಿದೆ. ತರಗತಿಯ ಮುಂದೆ ತಪ್ಪಾಯಿತೆನ್ನಲು ನನ್ನ ಬಿಗುಮಾನ ಬಿಡಲಿಲ್ಲ. ಆ ವರ್ಷವೇ ಅವಳು ಬೇರೆ ಶಾಲೆಗೆ ಹೋದಳು.

ಲಾ ಸಾಲ್ ಅವರನ್ನು 1900ರಲ್ಲಿ ಸಂತರೆಂದೂ, 1950ರಲ್ಲಿ ಶಿಕ್ಷಕರ ಪಾಲಕ ಸಂತರೆಂದೂ ಘೋಷಿಸಲಾಯಿತು. ನಮ್ಮ ದೇಶದಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದರ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಆದರೆ ನನಗೆ ಆ ಪಾಠ ಹೇಳಿದವಳು ಆ ಪುಟ್ಟ ಹುಡುಗಿಯೇ. ಅವಳಿಗೆ ನಾನು ವಿನಯ ಕಲಿಸಿದ್ದೆ, ಅವಳು ಕಲಿತಿದ್ದಳು. ಕಲಿಯದೆ ಉಳಿದವಳು ನಾನು.

ಈಗ ಹಾಜರಿ ಕರೆಯುವಾಗ ಪ್ರತಿ ಹೆಸರನ್ನೂ ಪೂರ್ತಿಯಾಗಿ, ನಿಧಾನವಾಗಿ ಕರೆಯುತ್ತೇನೆ.