ಬಾಲದಿಂದ ಬನಿಯನ್ನಿನವರೆಗೆ

ಹೊನ್ನಾವರದ ಶರಾವತಿ ಸರ್ಕಲ್ಲಿನಲ್ಲಿ ಕುಮಟಾ ಬಸ್ಸಿಗೆ ಕಾದು ನಿಂತಿದ್ದೆ. ಎದುರಿನ ಚಹಾದಂಗಡಿಯಿಂದ ಹೊರಬಂದ ಯುವಕನೊಬ್ಬನ ಟೀ ಶರ್ಟಿನ ಮೇಲೆ ಕೆಂಪು ಕಾರೊಂದರ ಚಿತ್ರವಿತ್ತು. ಅಂಗಿಯ ಮೇಲೆ ಕಾರಿನ ಚಿತ್ರ ಹೊಸತೇನಲ್ಲ. ಆದರೆ ಇದು ಪರದೇಶದ ಪಂದ್ಯದ ಕಾರಲ್ಲ, ನಮ್ಮ ಊರುಗಳಲ್ಲಿ ದಿನವೂ ಕಾಣುವ ಸಣ್ಣ ಕಾರು. ಎದುರು ಗಾಜಿನ ಮೇಲೆ ಇಡಗುಂಜಿ ಗಣಪತಿಯ ಹೆಸರು, ಕೆಳಗೆ ಕೆಎ 47 ಎಂದು ಆರಂಭವಾಗುವ ಸಂಖ್ಯೆ. ಅಂದರೆ ಹೊನ್ನಾವರದ್ದೇ ನೋಂದಣಿ. ಇದನ್ನೆಲ್ಲ ನಾನು ಓದಿ ಮುಗಿಸುವಷ್ಟರಲ್ಲಿ ಆತ ರಸ್ತೆ ದಾಟಿ ಅದೇ ಕಾರಿನೊಳಗೆ ಕುಳಿತು ಹೊರಟುಹೋದ.

ತನ್ನ ಕಾರಿನಲ್ಲೇ ತಿರುಗುವವನಿಗೆ ಅದರ ಚಿತ್ರವನ್ನೂ ಎದೆಯ ಮೇಲೆ ಹೊತ್ತು ತಿರುಗುವ ಅಗತ್ಯವೇನು? ಈಗಿನ ಹುಡುಗರ ಹುಚ್ಚು ಎಂದು ನಕ್ಕುಬಿಡುವುದು ಸುಲಭ. ಆದರೆ ಭಟ್ಕಳದಿಂದ ಕುಮಟಾದವರೆಗಿನ ಈ ಕರಾವಳಿಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ, ಈ ಹುಚ್ಚಿನ ವಯಸ್ಸು ನಾವು ತಿಳಿದುಕೊಂಡಿರುವುದಕ್ಕಿಂತ ಬಹಳ ಹೆಚ್ಚು ಎಂಬುದು ಗೊತ್ತಾಗುತ್ತದೆ.

ಐದು ಶತಮಾನಗಳ ಹಿಂದೆ ದೊಡ್ಡವರ ವಾಹನವೆಂದರೆ ಕುದುರೆ. ಒಳ್ಳೆಯ ಕುದುರೆ ನಮ್ಮ ನೆಲದಲ್ಲಿ ಹುಟ್ಟುತ್ತಿರಲಿಲ್ಲ. ಅರಬಸ್ತಾನದಿಂದ, ಪಾರಸಿ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಿಂದ ಹಡಗಿನಲ್ಲಿ ಬರಬೇಕಿತ್ತು. 1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಹಿಡಿದ ಮೇಲೆ ವಿಜಯನಗರಕ್ಕೆ ಕುದುರೆ ತರುವ ಹೆಬ್ಬಾಗಿಲು ಭಟ್ಕಳವಾಯಿತು. ಪೋರ್ಚುಗೀಸರು ಬಟಿಕಲಾ ಎಂದು ಕರೆದ ಈ ಬಂದರಿಗೆ ಕುದುರೆಗಳು ಇಳಿಯುತ್ತಿದ್ದವು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹಡಗು ಏರುತ್ತಿದ್ದವು. ಇಳಿದ ಕುದುರೆ ಘಟ್ಟ ಹತ್ತಿ ಹಂಪೆಗೆ ನಡೆಯುತ್ತಿತ್ತು.

ಆ ವ್ಯಾಪಾರದ ಸೊಗಸಾದ ಸಂಗತಿಯೊಂದನ್ನು ಫೆರ್ನಾವ್ ನುನಿಜ್ ದಾಖಲಿಸಿದ್ದಾನೆ. ಈತ 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ. ತನ್ನ ಕಸುಬಿನ ವಿಷಯ ಬಲ್ಲವನು. ರಾಜ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ ಎಂಬುದು ಅವನ ಲೆಕ್ಕ. ಅದಕ್ಕಿಂತ ಸ್ವಾರಸ್ಯದ್ದು ಸಾಳುವ ನರಸಿಂಹನ ಕಾಲದ ಬಗ್ಗೆ ಅವನು ಹೇಳುವ ಮಾತು. ಸಮುದ್ರದ ಪಯಣದಲ್ಲಿ ಕುದುರೆ ಸತ್ತರೆ ವ್ಯಾಪಾರಿ ನಷ್ಟಕ್ಕೆ ಹೆದರಿ ಮುಂದಿನ ಸಲ ಬರುವುದನ್ನೇ ಬಿಟ್ಟಾನು. ಆದ್ದರಿಂದ ಅರಸ ಬದುಕಿದ ಕುದುರೆಗೂ ಸತ್ತ ಕುದುರೆಗೂ ಒಂದೇ ಬೆಲೆ ಕೊಡುತ್ತಿದ್ದನಂತೆ, ಮೂರಕ್ಕೆ ಸಾವಿರ ಪರದಾವ್‌ನಂತೆ. ಸತ್ತದ್ದಕ್ಕೆ ಸಾಕ್ಷಿ? ಅದರ ಬಾಲ ತಂದು ತೋರಿಸಿದರೆ ಸಾಕು!

ಕುದುರೆ ಇಲ್ಲ, ಕುದುರೆಯ ಗುರುತು ಇದೆ. ಗುರುತಿಗೂ ಅಸಲಿನಷ್ಟೇ ಬೆಲೆ. ನನ್ನಲ್ಲಿ ಇದು ಇದೆ, ಅಥವಾ ಇತ್ತು, ಎಂದು ನಾಲ್ಕು ಜನರಿಗೆ ತೋರಿಸಬಲ್ಲ ವಸ್ತುವೊಂದು ಕೈಯಲ್ಲಿರಬೇಕು ಎಂಬ ಆಸೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅರಸನಾದರೋ ಬಾಲದಿಂದ ತೃಪ್ತನಾಗಬೇಕಿರಲಿಲ್ಲ. ಹಂಪೆಯ ಹಜಾರ ರಾಮ ದೇವಾಲಯದ ಹೊರಗೋಡೆಯನ್ನು ನೋಡಿದವರಿಗೆ ನೆನಪಿರಬಹುದು: ಒಂದು ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಪ್ರತಿಯೊಂದರ ಜೊತೆಗೂ ಲಗಾಮು ಹಿಡಿದ ಆಳು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಉದ್ದ ನಿಲುವಂಗಿ ತೊಟ್ಟ ಪರದೇಶಿ ವರ್ತಕರು ಕುದುರೆ ಒಪ್ಪಿಸುತ್ತಿದ್ದಾರೆ. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಅರಸನ ಸವಾರಿಯ ವೈಭವ ಗೋಡೆಗೇರಿದೆ. ಆ ಗೋಡೆಗಳಿಗೂ ಭಟ್ಕಳದ ಕಡಲಿಗೂ ನಂಟಿದೆ ಎಂಬುದು ನಮ್ಮ ಪ್ರವಾಸಿಗಳಿಗೆ ಹೊಳೆಯುವುದು ಕಡಿಮೆ.

ಇನ್ನೂ ಹಿಂದಕ್ಕೆ ಹೋದರೆ ಕಲ್ಲು ಇನ್ನಷ್ಟು ಆಪ್ತವಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲರತನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಒಡೆಯ ಕಲ್ಲು ನಿಲ್ಲಿಸಿ, ನಾಯಿಯೂ ಹಂದಿಯೂ ಕಾದುವ ಚಿತ್ರ ಕೆತ್ತಿಸಿ, ಹೆಸರನ್ನೂ ಬರೆಸಿದ. ಯಾವುದೋ ಒಂದು ನಾಯಿಯಲ್ಲ, ತನ್ನ ಕಾಳಿ. ಯಾವುದೋ ಕಾರಲ್ಲ, ತನ್ನ ಕೆಎ 47 ಎನ್ನುವವನಿಗೂ ಮಣಲರತನಿಗೂ ಈ ಒಂದು ವಿಷಯದಲ್ಲಿ ಬಹಳ ದೂರವಿಲ್ಲ.

ಕುದುರೆ ವ್ಯಾಪಾರ ಭಟ್ಕಳದ ಕೈತಪ್ಪಿದ್ದು ಪೋರ್ಚುಗೀಸರಿಂದ. 1510ರಲ್ಲಿ ಗೋವೆ ಹಿಡಿದ ಅಲ್ಬುಕರ್ಕ್ ಕುದುರೆ ಹಡಗುಗಳನ್ನೆಲ್ಲ ಅಲ್ಲಿಗೇ ತಿರುಗಿಸಲು ಹೊರಟ. ಗೋವೆಯ ಮೇಲೆ ಏರಿಹೋಗು ಎಂದು ಅವನಿಗೆ ಸಲಹೆ ಕೊಟ್ಟವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯನೇ ಎಂಬುದು ಚರಿತ್ರೆಯ ವ್ಯಂಗ್ಯ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟು ಸೂರೆ ಮಾಡಿದರು. 1547ರ ಒಪ್ಪಂದದಲ್ಲಂತೂ ಗೋವೆಯ ಕುದುರೆಗಳು ವಿಜಯನಗರಕ್ಕೆ ಮಾತ್ರ ಎಂದಾಯಿತು.

ಸವಾರಿಯ ಕತೆ ಇಷ್ಟಾಯಿತು. ಇನ್ನು ಅಂಗಿಯ ಕತೆ. ಅದಕ್ಕೆ ಕುಮಟಾಕ್ಕೆ ಬರಬೇಕು.

19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಹತ್ತಿ ದಲ್ಲಾಳಿಗಳಿಗೆ ಕರ್ನಾಟಕದ ಎಷ್ಟು ಊರುಗಳ ಹೆಸರು ಗೊತ್ತಿತ್ತೋ ಕಾಣೆ, ಕುಮಟಾದ ಹೆಸರಂತೂ ಗೊತ್ತಿತ್ತು. ‘ಕುಮಟಾ ಹತ್ತಿ’ ಎಂಬ ತಳಿಯೇ ಮಾರುಕಟ್ಟೆಯಲ್ಲಿ ಪ್ರಸಿದ್ಧ. ತಮಾಷೆಯೆಂದರೆ ಕುಮಟಾದಲ್ಲಿ ಅದು ಬೆಳೆಯುತ್ತಿರಲಿಲ್ಲ. ನಮ್ಮ ಮಳೆಗೆ ಹತ್ತಿ ಎಲ್ಲಿ ಉಳಿದೀತು? ಅದು ಧಾರವಾಡ, ಹುಬ್ಬಳ್ಳಿ ಕಡೆಯ ಕರಿಮಣ್ಣಿನ ಹತ್ತಿ. ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ಹತ್ತಿದ ಬಂದರಿನ ಹೆಸರೇ ಅದಕ್ಕೆ ಅಂಟಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿಯ ಬೆಲೆ ಗಗನಕ್ಕೇರಿತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ಲೆಕ್ಕಾಚಾರವಿತ್ತು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂದು ಮರ್ಮಗೋವಾ ಬಂದರಿಗೆ ಕೂಡಿಕೊಂಡಿತು. ಗಾಡಿಗಳು ಘಟ್ಟ ಇಳಿಯುವುದು ಕಡಿಮೆಯಾಯಿತು. ಹೆಸರು ಉಳಿಯಿತು, ಹತ್ತಿ ಹೋಯಿತು.

ಟೀ ಶರ್ಟು ಎಂಬುದು ಮೂಲದಲ್ಲಿ ಹತ್ತಿಯ ಒಳಂಗಿ, ನಮ್ಮ ಬನಿಯನ್ನಿನ ದಾಯಾದಿ. ಅಮೆರಿಕದ ನೌಕಾಪಡೆ 1913ರಲ್ಲಿ ಇದನ್ನು ನಾವಿಕರ ಸಮವಸ್ತ್ರದ ಒಳಗೆ ತೊಡಿಸಿತು. ಎರಡನೆಯ ಮಹಾಯುದ್ಧದ ಬಳಿಕ ಒಳಗಿನದು ಹೊರಗೆ ಬಂತು. ಹೊರಗೆ ಬಂದ ಮೇಲೆ ಅದರ ಬರಿದಾದ ಎದೆಯ ಮೇಲೆ ಏನಾದರೂ ಬರೆಯಬೇಕು ಎನಿಸದೆ ಇದ್ದೀತೆ? ಅದರ ಮೇಲೆ ಕಾರು ಹತ್ತಿದ್ದು ಕ್ಯಾಲಿಫೋರ್ನಿಯದಲ್ಲಿ. 1950ರ ದಶಕದ ಕೊನೆಗೆ, ಹಳೆಯ ಕಾರುಗಳನ್ನು ಬಿಚ್ಚಿ ಬದಲಿಸಿ ಓಡಿಸುವ ಹುಡುಗರ ಮೇಳಗಳಲ್ಲಿ ಎಡ್ ರಾತ್ ಎಂಬ ಕಲಾವಿದ ಗಾಳಿಕುಂಚ ಹಿಡಿದು ಕೂರುತ್ತಿದ್ದ. ಕಣ್ಣು ಗುಡ್ಡೆ ಹೊರಚಾಚಿದ ರಾಕ್ಷಸ ಕಾರು ಓಡಿಸುವಂಥ ಚಿತ್ರಗಳು ಅವನ ಕೈಯಿಂದ ಅಂಗಿಗಳ ಮೇಲೆ ಇಳಿಯುತ್ತಿದ್ದವು. ಒಂದು ಅಂಗಿಗೆ ಒಂದು ಚಿತ್ರ, ಪ್ರತಿಯೊಂದೂ ಕೈಕೆಲಸ.

ನಮ್ಮಲ್ಲಿ ಅಂಗಿಗೆ ಮುನ್ನ ಫೋಟೊ ಬಂತು. ಜಾತ್ರೆಯ ಸ್ಟುಡಿಯೋಗಳಲ್ಲಿ ರಟ್ಟಿನ ಕಾರು ಇರುತ್ತಿತ್ತು. ಅದರ ಹಿಂದೆ ಕುಳಿತು ಸ್ಟಿಯರಿಂಗ್ ಹಿಡಿದವರಂತೆ ಫೋಟೊ ತೆಗೆಸಿಕೊಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಭಟ್ಕಳದವರ ಮನೆಗಳಿಗೆ ಕಾಗದದ ಜೊತೆ ಕಾರಿಗೆ ಒರಗಿ ನಿಂತ ಫೋಟೊ ಬರುತ್ತಿತ್ತು. ಕಾರು ಯಾರದು ಎಂದು ಕೇಳುವಷ್ಟು ಒರಟರಲ್ಲ ಊರಿನವರು. ಹಿಂದೆ ಅರಬಸ್ತಾನದಿಂದ ಕುದುರೆ ಬಂದ ಕಡಲ ದಾರಿಯಿಂದಲೇ ಈಗ ಕಾರಿನ ಚಿತ್ರ ಬಂತು.

ಹಾಗಾದರೆ ಸ್ವಂತ ಕಾರಿನ ಫೋಟೊ ಇರುವ ಅಂಗಿ ಇಷ್ಟು ತಡವಾಗಿ ಏಕೆ ಬಂತು? ಕಾರಣ ಆಸೆಯಲ್ಲ, ಲೆಕ್ಕ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು ಸಿದ್ಧವಾಗಬೇಕು. ಯಕ್ಷಗಾನ ಮೇಳಕ್ಕೋ ಕ್ರಿಕೆಟ್ ತಂಡಕ್ಕೋ ನೂರು ಅಂಗಿ ಹಾಕಿಸಿದರೆ ಆ ಖರ್ಚು ಹಂಚಿಹೋಗುತ್ತದೆ, ಒಂದೇ ಅಂಗಿಗೆ ಯಾರು ಹಾಕಿಸುತ್ತಾರೆ? ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸುವ ಯಂತ್ರ ಬಂದ ಮೇಲೆ ಚೌಕಟ್ಟಿನ ಖರ್ಚೇ ಇಲ್ಲವಾಗಿ, ಒಂದೇ ಅಂಗಿ ಹಾಕಿಸುವುದೂ ಕೈಗೆಟುಕಿತು.

ಅಗ್ಗದ ವಿಧಾನ ಸಬ್ಲಿಮೇಶನ್. ಕಾಗದದ ಮೇಲೆ ಚಿತ್ರ ಮುದ್ರಿಸಿ, ಅಂಗಿಯ ಮೇಲಿಟ್ಟು, ಸುಮಾರು 200 ಡಿಗ್ರಿ ಶಾಖದ ಯಂತ್ರದಡಿ ಒಂದು ನಿಮಿಷದಷ್ಟು ಒತ್ತುತ್ತಾರೆ. ಬಣ್ಣ ದ್ರವವಾಗದೆ ಆವಿಯಾಗಿ ನೂಲಿನೊಳಗೆ ಇಳಿಯುತ್ತದೆ. ಕೈಯಿಂದ ಸವರಿದರೆ ಚಿತ್ರವಿರುವುದೇ ತಿಳಿಯದು, ಒಗೆದರೆ ಹೋಗದು. ಒಂದೇ ತೊಡಕು: ಬಣ್ಣ ಹಿಡಿಯುವುದು ಪಾಲಿಯೆಸ್ಟರ್ ನೂಲಿಗೆ, ಹತ್ತಿಗೆ ಹಿಡಿಯದು. ಹತ್ತಿಗೆ ಹೆಸರು ಕೊಟ್ಟ ಊರಿನವನು ತನ್ನ ಕಾರಿನ ಚಿತ್ರಕ್ಕಾಗಿ ಹತ್ತಿ ಬಿಟ್ಟು, ನಮ್ಮ ಏಪ್ರಿಲ್ ತಿಂಗಳ ಬೆವರಿನಲ್ಲಿ, ಪಾಲಿಯೆಸ್ಟರ್ ತೊಡಬೇಕಾಗಿದೆ. ಹತ್ತಿಯೇ ಬೇಕೆಂದರೆ ಬಟ್ಟೆಗೆ ನೇರವಾಗಿ ಶಾಯಿ ಚಿಮ್ಮಿಸುವ ಯಂತ್ರಕ್ಕೆ ಕೊಡಬೇಕು, ಇಲ್ಲವೇ ಅಂಟುಪುಡಿ ಹಚ್ಚಿದ ಹಾಳೆಯಿಂದ ಚಿತ್ರವನ್ನು ಒತ್ತಿಸಬೇಕು. ಹಾಳೆಯ ಚಿತ್ರ ಬಟ್ಟೆಯ ಮೇಲೆ ತೆಳುವಾದ ಪದರವಾಗಿ ಕೂರುತ್ತದೆ; ತಿರುವಿ ಹಾಕದೆ ಬಿಸಿ ನೀರಿನಲ್ಲಿ ಒಗೆದರೆ ಸೀಳು ಬೀಳುತ್ತದೆ.

ನನ್ನ ಸೋದರಳಿಯನ ಅನುಭವ ಇಲ್ಲಿ ಹೇಳಬೇಕು. ಮೊದಲ ಕಾರು, ಬಿಳಿಯದು. ಅದನ್ನು ಮಿರ್ಜಾನ್ ಕೋಟೆಯ ಜಂಬಿಟ್ಟಿಗೆ ಗೋಡೆಯ ಬಳಿ ನಿಲ್ಲಿಸಿ, ಮಳೆ ಬಿಟ್ಟ ಸಂಜೆಯ ಬೆಳಕಿನಲ್ಲಿ, ಮಂಡಿಯೂರಿ ಕುಳಿತು, ದೀಪದ ಎತ್ತರಕ್ಕೆ ಮೊಬೈಲು ಹಿಡಿದು, ಮುಂಭಾಗವೂ ಒಂದು ಪಕ್ಕವೂ ಕಾಣುವಂತೆ ಚೆಂದದ ಫೋಟೊ ತೆಗೆದ. ಇಷ್ಟರವರೆಗೆ ಎಲ್ಲ ಸರಿ. ಫೋಟೊವನ್ನು ವಾಟ್ಸಾಪಿನಲ್ಲಿ ಕಳುಹಿಸಿದ. ಅದು ಅಲ್ಲಿ ಕುಗ್ಗಿ ಅರ್ಧ ಸತ್ವ ಕಳೆದುಕೊಂಡಿತು. ಅಂಗಡಿಯವರು ಕೋಟೆಯ ಹಿನ್ನೆಲೆಯನ್ನು ಕತ್ತರಿಸಿ ತೆಗೆದು, ಬರೀ ಕಾರನ್ನು ಬಿಳಿ ಅಂಗಿಗೆ ಒತ್ತಿದರು. ಸಬ್ಲಿಮೇಶನ್‌ನಲ್ಲಿ ಬಿಳಿ ಶಾಯಿ ಇಲ್ಲ, ಬಿಳಿ ಎಂದರೆ ಅಂಗಿಯ ಬಿಳಿಯೇ. ಹೀಗಾಗಿ ಅವನ ಎದೆಯ ಮೇಲೆ ಮೂಡಿದ್ದು ಟಯರುಗಳು, ಗಾಜುಗಳು, ದೀಪಗಳು ಮತ್ತು ಗಾಳಿಯಲ್ಲಿ ತೇಲುವ ಒಂದು ನಂಬರ್ ಪ್ಲೇಟು. “ಮಾವ, ಕಾರೆಲ್ಲಿ?” ಎಂದು ನನ್ನನ್ನೇ ಕೇಳಿದ.

ಎರಡನೆಯ ಸಲ ಮೂಲ ಫೋಟೊವನ್ನೇ ಕೊಟ್ಟು, ಕೋಟೆಯ ಗೋಡೆಯನ್ನು ಹಾಗೆಯೇ ಉಳಿಸಿ, ಕಪ್ಪು ಹತ್ತಿ ಅಂಗಿಗೆ ಹಾಳೆಯಿಂದ ಒತ್ತಿಸಿದ. ನಂಬರಿನ ಕೊನೆಯ ಅಂಕಿಗಳನ್ನು ನನ್ನ ಒತ್ತಾಯಕ್ಕೆ ಮಸುಕುಗೊಳಿಸಿದ. ಊರಿಗೆಲ್ಲ ಗಾಡಿ ಸಂಖ್ಯೆ ಸಾರಿಕೊಂಡು ತಿರುಗುವುದು ಬೇಡ ಎಂಬುದು ಹಳೆಯ ಕಾಲದ ನನ್ನ ಬುದ್ಧಿ. ಈ ಸಲ ಕಾರು ಕಾರಿನಂತೆಯೇ ಕಂಡಿತು. ಎರಡು ಮಳೆಗಾಲದಲ್ಲಿ ಬಾನೆಟ್ಟಿನ ಮೇಲೆ ಒಂದು ಗೆರೆ ಸೀಳಿದೆ, ಅಷ್ಟೆ.

ಕಳೆದ ವರ್ಷ ಆ ಕಾರನ್ನು ಅಂಕೋಲೆಯ ಕಡೆಯವರೊಬ್ಬರು ಕೊಂಡರು. ಕಾಗದಪತ್ರ, ಎರಡನೆಯ ಕೀಲಿಕೈ ಎಲ್ಲ ಒಪ್ಪಿಸಿ ಆದ ಮೇಲೆ ಅವರು ಅವನ ಅಂಗಿಯನ್ನು ನೋಡಿ, ಇದೂ ಕಾರಿನ ಜೊತೆಗೆ ಬರುತ್ತದೆಯೇ ಎಂದು ನಗುತ್ತ ಕೇಳಿದರು. ಅವನು ನಗಲಿಲ್ಲ. ಕಾರು ಘಟ್ಟದ ದಾರಿ ಬಿಟ್ಟು ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋಯಿತು. ಅಂಗಿ ನಮ್ಮ ಮನೆಯ ಹಗ್ಗದ ಮೇಲೆ ಇನ್ನೂ ಒಣಗುತ್ತಿದೆ, ಚಿತ್ರ ಒಳಗೆ ಬರುವಂತೆ ತಿರುವಿ.