ಇಂದು ರಾತ್ರಿ ಕಾಸ್ಮಿಕ್ ಕಿರಣ ಬರುತ್ತದೆ, ಮೊಬೈಲ್ ಆಫ್ ಮಾಡಬೇಕೇ?

ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣಗಳು ಭೂಮಿಗೆ ಬರುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ ಎಂಬ ಸಂದೇಶ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ನಂಬಿಕೆ ಬರಲೆಂದು ನಾಸಾ, ಬಿಬಿಸಿ ಹೆಸರನ್ನೂ ಸೇರಿಸಿರುತ್ತಾರೆ. ಈ ಬಾರಿ ಇದು ನಮಗೆ ಬಂದದ್ದು ಹುಳಿಮಾವಿನ ಅಪಾರ್ಟ್‌ಮೆಂಟ್ ಗ್ರೂಪೊಂದರಿಂದ.

ಸಂದೇಶ ಸುಳ್ಳು, ಕಾಸ್ಮಿಕ್ ಕಿರಣ ಮಾತ್ರ ನಿಜ. ಇವು ಬಾಹ್ಯಾಕಾಶದಿಂದ ಬರುವ ಕಣಗಳು, ಬಹುಪಾಲು ಪ್ರೋಟಾನ್‌ಗಳು. ಮಂಗಳಕ್ಕೂ ಇವುಗಳಿಗೂ ಸಂಬಂಧವಿಲ್ಲ, ಹಗಲು ರಾತ್ರಿ ಎಂಬ ಭೇದವೂ ಇಲ್ಲ. ಗಾಳಿಗೆ ಬಡಿದಾಗ ಒಂದು ಕಣದಿಂದ ಸಾವಿರಾರು ಕಣಗಳ ಮಳೆ ಹುಟ್ಟುತ್ತದೆ. ಅದರಲ್ಲಿನ ಮ್ಯೂಆನ್‌ಗಳು ನೀವಿದನ್ನು ಓದುವಾಗಲೂ ನಿಮ್ಮ ಅಂಗೈ ಮೂಲಕ ನಿಮಿಷಕ್ಕೆ ಸುಮಾರು ನೂರರಂತೆ ಹಾದುಹೋಗುತ್ತಿವೆ. ಫೋನ್ ಆಫ್ ಮಾಡಿದರೆ ಒಂದೂ ಕಡಿಮೆಯಾಗದು. ಊರಲ್ಲಿರುವ ಅಪ್ಪ ಅಮ್ಮ ನಡುರಾತ್ರಿ ತುರ್ತಾಗಿ ಕರೆ ಮಾಡಿದರೆ ಸಿಗದೇ ಹೋಗುವುದಷ್ಟೇ ಲಾಭ!

ಅತಿ ಶಕ್ತಿಯ ಕಣಗಳು ಬಲು ಅಪರೂಪ. 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ದಾಖಲಾದ ಒಂದೇ ಕಣದಲ್ಲಿ, ಸ್ಪಿನ್ ಬೌಲರ್ ಎಸೆದ ಚೆಂಡಿನಷ್ಟು ಶಕ್ತಿಯಿತ್ತು. ಇಂಥವು ಒಂದು ಚದರ ಕಿಲೋಮೀಟರಿಗೆ ಶತಮಾನಕ್ಕೊಂದು ಬಿದ್ದರೆ ಹೆಚ್ಚು. ಹಾಗಾಗಿ ಹಿಡಿಯಲು ವಿಶಾಲ ಬಲೆ ಬೇಕು, ರೇಡಿಯೊ ಆಂಟೆನಾ ಅಂಥದ್ದೊಂದು ಬಲೆ. ಕಣಗಳ ಮಳೆಯಲ್ಲಿರುವ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಭೂಮಿಯ ಕಾಂತಕ್ಷೇತ್ರ ಎದುರುಬದುರು ದಿಕ್ಕಿಗೆ ಎಳೆಯುತ್ತದೆ. ಆಗ ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನ ರೇಡಿಯೊ ಮಿಡಿತ ಹೊಮ್ಮುತ್ತದೆ. 1965ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ ಇದನ್ನು ಮೊದಲು ಕೇಳಿದರು. ಇಂದು ನೆದರ್‌ಲ್ಯಾಂಡ್ಸ್‌ನ ಲೋಫಾರ್ ರೇಡಿಯೊ ದೂರದರ್ಶಕ, ಮಿಡಿತ ಯಾವ ಆಂಟೆನಾಗೆ ಯಾವಾಗ ತಲುಪಿತೆಂದು ಅಳೆದು ಕಣ ಬಂದ ದಿಕ್ಕನ್ನು ಹೇಳುತ್ತದೆ. ನಮ್ಮ ಗೌರಿಬಿದನೂರಿನಲ್ಲೂ ಇಂಥದ್ದೇ ಕಡಿಮೆ ಆವರ್ತನದ ಆಂಟೆನಾ ಸಾಲುಗಳಿವೆ. ಅಲ್ಲಿನ ರೇಡಿಯೊಹೀಲಿಯೋಗ್ರಾಫ್ 1997ರಿಂದ ಸೂರ್ಯನನ್ನು ಗಮನಿಸುತ್ತಿದೆ.

ಮೊಬೈಲಿಗೆ ಕಾಸ್ಮಿಕ್ ಕಿರಣದ ಕಾಟ ಎನ್ನುವವರಿಗೆ ಇನ್ನೊಂದು ವಿಷಯ: ಕಾಟ ಉಲ್ಟಾ ಇದೆ. ಎಫ್‌ಎಂ ಕೇಂದ್ರ, ವಿದ್ಯುತ್ ತಂತಿ, ಎಲೆಕ್ಟ್ರಾನಿಕ್ ಉಪಕರಣಗಳ ಗದ್ದಲದಲ್ಲಿ ಈ ಕ್ಷಣಿಕ ಮಿಡಿತ ಮುಳುಗಿಹೋಗುತ್ತದೆ. ಆದ್ದರಿಂದಲೇ ಲೋಫಾರ್ ಇದನ್ನು ಹುಡುಕುವುದು ಮುಖ್ಯವಾಗಿ 30ರಿಂದ 80 ಮೆಗಾಹರ್ಟ್ಸ್ ನಡುವೆ, ಎಫ್‌ಎಂಗಿಂತ ಕೆಳಗೆ.

ಕೋಲಾರದ ಚಿನ್ನದ ಗಣಿಯಲ್ಲಿ ವಿಜ್ಞಾನಿಗಳಿಗೆ ಬೇಕಿದ್ದದ್ದು ಬೇರೆ ಬಗೆಯ ಮೌನ. ಕಾಸ್ಮಿಕ್ ಕಿರಣಗಳಿಂದ ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೊವನ್ನು ಗುರುತಿಸಲು ಮ್ಯೂಆನ್‌ಗಳಿಂದ ತಪ್ಪಿಸಿಕೊಳ್ಳಬೇಕಿತ್ತು. ಅದೇ 1965ರಲ್ಲಿ ಅವರು ಯಶಸ್ವಿಯಾದರು, ಅದೂ ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ.