ಚಲಚ್ಚಿತ್ರಗಳ ಸಾಹಸ ಕಲಾವಿದರು: ಒಂದು ಚಾರಿತ್ರಿಕ ವಿವೇಚನೆ

೧

ಕನ್ನಡ ನಾಡಿನ ವೀರಗಲ್ಲುಗಳನ್ನು ಅಭ್ಯಸಿಸಿದವರಿಗೆ ಒಂದು ಸಂಗತಿ ತಿಳಿದೇ ಇದೆ. ಊರಿನ ತುರುಗಳನ್ನು ಮರಳಿಸುವ ಕಾಳಗದಲ್ಲಿ ಮಡಿದವನ ಹೆಸರನ್ನು ಕಲ್ಲು ಹೇಳುತ್ತದೆ. ಅದೇ ಕಾಳಗದಲ್ಲಿ ಹೋರಾಡಿ ಬದುಕಿ ಮನೆಗೆ ಮರಳಿದವನಿಗೆ ಸಾಮಾನ್ಯವಾಗಿ ಕಲ್ಲಿಲ್ಲ. ಆದುದರಿಂದ ಕಲ್ಲುಗಳನ್ನೇ ನೆಚ್ಚಿ ಚರಿತ್ರೆ ಬರೆಯುವವನ ಕಣ್ಣಿಗೆ ಸಾವು ಬೀಳುತ್ತದೆ, ಕೌಶಲ ಬೀಳುವುದಿಲ್ಲ. ಇಂಥದೇ ಒಂದು ತೊಡಕು ನಮ್ಮ ಕಾಲದ ವೃತ್ತಿಯೊಂದರ ಚರಿತ್ರೆಯಲ್ಲಿಯೂ ಎದುರಾಗುತ್ತದೆ. ಚಲಚ್ಚಿತ್ರಗಳಲ್ಲಿ ನಾಯಕ ನಾಯಿಕೆಯರ ಪರವಾಗಿ ಬೀಳುವ, ಹಾರುವ, ಹೊಡೆತ ತಿನ್ನುವ ಸಾಹಸ ಕಲಾವಿದರ ವೃತ್ತಿಯೇ ಅದು.

ಈ ವೃತ್ತಿಯಲ್ಲಿ ಬದಲಿಯಾಗಿ ನಿಲ್ಲುವವನನ್ನು ಚಿತ್ರರಂಗದವರು 'ಡ್ಯೂಪ್' ಎನ್ನುತ್ತಾರೆ. ಪ್ರೇಕ್ಷಕನು ತನ್ನನ್ನು ಗುರುತಿಸದಿದ್ದರೆ ಡ್ಯೂಪ್ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದನೆಂದು ಅರ್ಥ. ಎಂದರೆ, ಇಲ್ಲಿ ಪ್ರಧಾನ ದಾಖಲೆಯಾದ ಚಲಚ್ಚಿತ್ರವೇ ಕರ್ತೃವನ್ನು ಮರೆಮಾಡಲೆಂದು ರಚಿತವಾದುದು. ಇಂಥ ದಾಖಲೆಯಿಂದ ಚರಿತ್ರೆಯನ್ನು ಎತ್ತುವುದು ಹೇಗೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

೨

ಮೊದಲಿನ ದಿನಗಳಲ್ಲಿ ಈ ಮರೆ ಅಷ್ಟು ದಟ್ಟವಾಗಿರಲಿಲ್ಲ. ಅಮೆರಿಕದಲ್ಲಿ ೧೯೧೪ರಿಂದ ೧೯೧೭ರವರೆಗೆ 'ದಿ ಹಜಾರ್ಡ್ಸ್ ಆಫ್ ಹೆಲೆನ್' ಎಂಬ ರೈಲ್ವೆ ಸಾಹಸಗಳ ಚಿತ್ರಮಾಲೆ ೧೧೯ ಕಂತುಗಳಲ್ಲಿ ಹೊರಬಂದಿತು. ಅದರ ಮೊದಲ ನಾಯಿಕೆ ಹೆಲೆನ್ ಹೋಮ್ಸ್. ಅವರಿಗೆ ಬದಲಿಯಾಗಿ ಕೆಲಸಮಾಡಿದ ರೋಸ್ ಗಿಬ್ಸನ್ ೧೯೧೫ರಲ್ಲಿ ತಾವೇ ನಾಯಿಕೆಯ ಸ್ಥಾನಕ್ಕೆ ಬಂದರು. ನಿಲ್ದಾಣದ ಮಾಡಿನಿಂದ ಓಡುವ ರೈಲಿನ ಮೇಲಕ್ಕೆ ಧುಮುಕಿದ ಆ ಹೆಣ್ಣುಮಗಳಿಗೆ ಮುಖವೇನೋ ದೊರೆಯಿತು. ಆದರೆ ಚಿತ್ರಮಾಲೆಗೆ ಒಪ್ಪುವಂತೆ 'ಹೆಲೆನ್' ಎಂಬ ಹೆಸರನ್ನು ಧರಿಸಬೇಕಾಯಿತು; ಹೆಲೆನ್ ಗಿಬ್ಸನ್ ಎಂದೇ ಇಂದು ಅವರು ಪರಿಚಿತರು. ತೆರೆಯ ಮುಂದೆ ಬರುವುದಕ್ಕೆ ಅವರು ಸ್ವಂತ ಹೆಸರನ್ನೇ ತೆತ್ತರೆನ್ನಬಹುದು.

ಭಾರತದಲ್ಲಿ ಇದಕ್ಕೆ ಸಮಾನವಾದ ನಿದರ್ಶನ ನಾಡಿಯಾ ಅವರದು. ೧೯೦೮ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಜನಿಸಿದ ಮೇರಿ ಆನ್ ಎವಾನ್ಸ್ ಅವರು ಮುಂಬಯಿಯ ವಾಡಿಯಾ ಮೂವಿಟೋನ್ ಸಂಸ್ಥೆಯ 'ಹಂಟರ್‌ವಾಲಿ' (೧೯೩೫) ಚಿತ್ರದಿಂದ ದೇಶದಾದ್ಯಂತ ಹೆಸರಾದರು. 'ಮಿಸ್ ಫ್ರಾಂಟಿಯರ್ ಮೇಲ್' (೧೯೩೬) ಚಿತ್ರದಲ್ಲಿ ರೈಲುಬಂಡಿಯ ನೆತ್ತಿಯ ಮೇಲೆ ಅವರು ಹೊಡೆದಾಡುವುದನ್ನು ಜನ ಕಂಡರು. ಸಾಹಸ ಮಾಡುವವರು ತಾವೇ ಎಂಬುದೇ ಅವರ ಕೀರ್ತಿಗೆ ಮೂಲವಾಗಿದ್ದಿತು. ಇಲ್ಲಿ ಮುಖ, ಮೈ, ಹೆಸರು ಮೂರೂ ಒಂದೆಡೆ ಕೂಡಿದ್ದವು. ಆದಕಾರಣ ನಾಡಿಯಾ ಅವರ ಚರಿತ್ರೆಯನ್ನು ಬರೆಯುವುದು ಸುಲಭ. ಅವರ ಏಟಿಗೆ ಉರುಳಿಬಿದ್ದ ಸಹನಟರ ಚರಿತ್ರೆಯನ್ನು ಬರೆಯುವುದು ಸುಲಭವಲ್ಲ.

೩

ಮುಖವೂ ಮೈಯೂ ಬೇರ್ಪಟ್ಟ ಬಳಿಕ ಈ ಕೆಲಸ ಒಂದು ಶಾಸ್ತ್ರವಾಗಿ ಬೆಳೆದ ಬಗೆಯನ್ನು ಯಾಕಿಮಾ ಕ್ಯಾನಟ್ ಅವರ ಜೀವನ ತೋರಿಸುತ್ತದೆ. ಕುದುರೆ ಪಳಗಿಸುವ ಪಂದ್ಯಗಳಲ್ಲಿ ಗೆದ್ದು ಹಾಲಿವುಡ್ಡಿಗೆ ಬಂದ ಇವರು 'ಸ್ಟೇಜ್‌ಕೋಚ್' (೧೯೩೯) ಚಿತ್ರದಲ್ಲಿ ಓಡುವ ಸಾರೋಟಿನ ಮುಂಗುದುರೆಗಳ ಮೇಲೆ ನೆಗೆದು, ಗುಂಡೇಟು ತಿಂದವರಂತೆ ಕುದುರೆಗಳ ನಡುವೆ ಬಿದ್ದು, ಸಾರೋಟು ತಮ್ಮ ಮೇಲೆ ಹಾದುಹೋಗುವಂತೆ ನೆಲಕ್ಕಂಟಿ ಮಲಗಿದರು. ನೋಡುವವನಿಗೆ ಇದು ಕೇವಲ ಎದೆಗಾರಿಕೆ. ಮಾಡುವವನಿಗೆ ಇದು ಕುದುರೆಸಾಲುಗಳ ನಡುವಣ ಅಂತರ, ಗಾಲಿಗಳ ಅಗಲ, ಓಟದ ವೇಗ ಇವುಗಳ ಲೆಕ್ಕ.

ಮುಷ್ಟಿಕಾಳಗಕ್ಕೂ ಇದೇ ಮಾತು ಸಲ್ಲುತ್ತದೆ. ಕ್ಯಾನಟ್ ಅವರೂ ನಟ ಜಾನ್ ವೇಯ್ನ್ ಅವರೂ ಕೂಡಿ ರೂಢಿಗೆ ತಂದ ಕ್ರಮದಲ್ಲಿ ಮುಷ್ಟಿ ಎದುರಾಳಿಯ ಮುಖಕ್ಕೆ ತಾಗದೆ ಹಾದುಹೋಗುತ್ತದೆ. ಕ್ಯಾಮರಾ ನಿಂತ ಕೋನದಿಂದ ಆ ಅಂತರ ಕಾಣಿಸದು. ಎದುರಾಳಿಯು ತಕ್ಕ ಗಳಿಗೆಗೆ ತಲೆ ಕೊಡವುತ್ತಾನೆ. ಹೊಡೆತವನ್ನು ಕೊಡುವವನಿಗಿಂತ ತಿನ್ನುವವನೇ ಅದನ್ನು ನಿಜವಾಗಿಸುತ್ತಾನೆಂಬುದು ಗಮನಾರ್ಹ.

ಈ ಪ್ರಗತಿಗೆ ಇನ್ನೊಂದು ಮುಖವೂ ಇದ್ದಿತು. ಕುದುರೆಯ ಮುಂಗಾಲುಗಳಿಗೆ ತಂತಿ ಕಟ್ಟಿ ಗೊತ್ತಾದ ಸ್ಥಳದಲ್ಲಿ ಅದನ್ನು ಕೆಡಹುವ ಉಪಾಯ ಅಂದು ಬಳಕೆಯಲ್ಲಿದ್ದಿತು. ಕ್ಯಾನಟ್ ಅವರೂ ಅದನ್ನು ಬಳಸಿದವರೇ. ಸವಾರನಿಗೆ ಬೀಳುವ ಜಾಗ ಮೊದಲೇ ತಿಳಿದಿರುತ್ತಿದ್ದಿತು, ಕುದುರೆಗೆ ತಿಳಿದಿರುತ್ತಿರಲಿಲ್ಲ. 'ಜೆಸ್ಸಿ ಜೇಮ್ಸ್' (೧೯೩೯) ಚಿತ್ರಕ್ಕಾಗಿ ಕಡಿದಾದ ದಡದಿಂದ ನೀರಿಗೆ ಕೆಡಹಿದ ಕುದುರೆ ಸತ್ತ ಮೇಲೆ ಪ್ರತಿಭಟನೆ ಎದ್ದು, ೧೯೪೦ರಿಂದ ಅಲ್ಲಿನ ಪ್ರಾಣಿದಯಾ ಸಂಸ್ಥೆ ಚಿತ್ರೀಕರಣಗಳ ಮೇಲ್ವಿಚಾರಣೆಗೆ ತೊಡಗಿತು. ಸಾಹಸ ಕಲಾವಿದರು ತಮ್ಮದೇ ಸಂಘವನ್ನು ಹಾಲಿವುಡ್ಡಿನಲ್ಲಿ ಕಟ್ಟಿಕೊಂಡದ್ದು ೧೯೬೧ರಲ್ಲಿ. ವೃತ್ತಿಯ ರಕ್ಷಣೆಗಾಗಿ ಸಾಧನಗಳನ್ನು ರೂಪಿಸಿದುದಕ್ಕೆಂದು ೧೯೬೭ರಲ್ಲಿ ಕ್ಯಾನಟ್ ಅವರಿಗೆ ಗೌರವ ಆಸ್ಕರ್ ಸಂದಿತು.

'ಬೆನ್-ಹರ್' (೧೯೫೯) ಚಿತ್ರದ ರಥಸ್ಪರ್ಧೆಯನ್ನು ಅಣಿಗೊಳಿಸಿದವರಲ್ಲಿ ಕ್ಯಾನಟ್ ಒಬ್ಬರು. ಅವರ ಮಗ ಜೋ ಕ್ಯಾನಟ್ ನಾಯಕ ಚಾರ್ಲ್‌ಟನ್ ಹೆಸ್ಟನ್ನರ ಬದಲಿಯಾಗಿ ರಥ ಓಡಿಸುವಾಗ ಮುಂದಕ್ಕೆ ಎಸೆಯಲ್ಪಟ್ಟರೂ ಗದ್ದದ ಗಾಯದೊಡನೆ ಪಾರಾದರು. ಆ ತುಣುಕು ಚಿತ್ರದಲ್ಲಿಯೇ ಉಳಿಯಿತು. ಆದರೂ ಆ ಸ್ಪರ್ಧೆಯಲ್ಲಿ ಒಬ್ಬ ಸಾರಥಿ ಸತ್ತನೆಂಬ ವದಂತಿ ಬಹುಕಾಲ ಹರಡಿಕೊಂಡಿದ್ದಿತು. ಅದು ಸುಳ್ಳು. ತಿಂಗಳುಗಟ್ಟಲೆ ನಡೆದ ಅಭ್ಯಾಸವನ್ನು ನಂಬುವುದಕ್ಕಿಂತ ಒಂದು ಸಾವನ್ನು ನಂಬುವುದು ಜನರಿಗೆ ಸುಲಭವಾಯಿತು. ವೀರಗಲ್ಲಿನ ತರ್ಕವೇ ಇಲ್ಲಿಯೂ ನಡೆದಿದೆ.

೪

ಇನ್ನು ನಮ್ಮ ನೆಲಕ್ಕೆ ಬರೋಣ. ಬೆಂಗಳೂರಿಗೆ ಸಮೀಪದ ರಾಮನಗರದ ಬಂಡೆಗಳ ನಡುವೆ ೧೯೭೩ರ ಅಕ್ಟೋಬರಿನಲ್ಲಿ 'ಶೋಲೆ' ಚಿತ್ರದ ಚಿತ್ರೀಕರಣ ಆರಂಭವಾಯಿತು. ೧೯೭೫ರಲ್ಲಿ ಚಿತ್ರ ಬಿಡುಗಡೆಯಾಯಿತು. ಬಸಂತಿಯ ಜಟಕಾವನ್ನು ಡಕಾಯಿತರು ಬೆನ್ನಟ್ಟುವ ದೃಶ್ಯವನ್ನು ಅರಿಯದವರು ವಿರಳ. ಅದರ ಅಪಾಯದ ಭಾಗಗಳಲ್ಲಿ ಹೇಮಾಮಾಲಿನಿ ಅವರ ಬದಲಿಯಾಗಿ ಕೆಲಸಮಾಡಿದವರು ರೇಷ್ಮಾ ಪಠಾಣ್. ಅದುವರೆಗೆ ನಾಯಿಕೆಯರ ಪರವಾಗಿ ಎಷ್ಟೋ ವೇಳೆ ಗಂಡಸರೇ ಸೀರೆಯುಟ್ಟು, ಚೌರಿ ಧರಿಸಿ ಬೀಳುತ್ತಿದ್ದರು. ಅಂಥ ಕ್ಷೇತ್ರದಲ್ಲಿ ಒಬ್ಬ ಹೆಣ್ಣುಮಗಳು ನಿಂತದ್ದು ವೃತ್ತಿಯ ಚರಿತ್ರೆಯಲ್ಲಿ ಒಂದು ತಿರುವು. ಆದರೆ ಕಥೆಯನ್ನು ಬಾಯಿಪಾಠ ಮಾಡಿದ ಪ್ರೇಕ್ಷಕರಲ್ಲಿಯೂ ಆ ಹೆಸರನ್ನು ಬಲ್ಲವರು ಕಡಿಮೆಯಾಗಿದ್ದರು. ಅವರ ಜೀವನವನ್ನೇ ಆಧರಿಸಿದ ಚಿತ್ರವೊಂದು ಬಂದದ್ದು ೨೦೧೯ರಲ್ಲಿ, ಎಂದರೆ 'ಶೋಲೆ' ತೆರೆಕಂಡು ನಾಲ್ವತ್ತನಾಲ್ಕು ವರ್ಷಗಳಾದ ಬಳಿಕ.

ಅದೇ ಕಾಲದ ಹಿಂದಿ ಚಿತ್ರಗಳಲ್ಲಿ ಹೊಡೆದಾಟಗಳನ್ನು ಸಂಯೋಜಿಸಿದವರಲ್ಲಿ ಕರಾವಳಿ ಕನ್ನಡ ನಾಡಿನ ಮೂಲದ ಎಂ. ಬಿ. ಶೆಟ್ಟಿ ಅವರೂ ಒಬ್ಬರು. ಅವರ ಬೋಳುತಲೆಯನ್ನು ನೆನಪಿಟ್ಟವರು ಬಹಳ. ಅದು ಅವರು ಖಳನ ಪಾತ್ರಗಳಲ್ಲಿ ಮುಖ ತೋರಿಸಿದುದರ ಫಲ. ಅವರು ಹೊಂದಿಸಿಕೊಟ್ಟ ಹೊಡೆದಾಟಗಳು ಮಾತ್ರ ನಾಯಕರ ಖಾತೆಗೆ ಸೇರಿಹೋದವು.

೫

ಈಚೆಗೆ ಮನ್ನಣೆಯ ಬಾಗಿಲು ತೆರೆದಿದೆ. ೨೦೧೭ರ ಚಿತ್ರಗಳಿಂದ ಮೊದಲ್ಗೊಂಡು ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನಕ್ಕೆ ಸ್ಥಾನ ದೊರೆಯಿತು. ೨೦೧೮ರ 'ಕೆಜಿಎಫ್' ಮೊದಲ ಭಾಗ, ೨೦೧೯ರ 'ಅವನೇ ಶ್ರೀಮನ್ನಾರಾಯಣ', ೨೦೨೨ರ 'ಕೆಜಿಎಫ್' ಎರಡನೆಯ ಭಾಗ, ಹೀಗೆ ಮೂರು ಕನ್ನಡ ಚಿತ್ರಗಳು ಅದನ್ನು ಪಡೆದಿವೆ. ಆಸ್ಕರ್ ಪ್ರಶಸ್ತಿಗಳನ್ನು ೧೯೨೯ರಿಂದ ನೀಡುತ್ತ ಬಂದ ಅಮೆರಿಕದ ಅಕಾಡೆಮಿ, ೨೦೨೭ರ ಚಿತ್ರಗಳಿಂದ ಸಾಹಸ ವಿನ್ಯಾಸಕ್ಕೂ ಪ್ರಶಸ್ತಿ ಕೊಡುವುದಾಗಿ ೨೦೨೫ರಲ್ಲಿ ಘೋಷಿಸಿತು. ಇವು ಸಂತೋಷದ ಸಂಗತಿಗಳು. ಆದರೆ ಈ ಗೌರವ ಸಲ್ಲುವುದು ಸಾಹಸವನ್ನು ಯೋಜಿಸಿದವರಿಗೆ. ಯೋಜನೆಯಂತೆ ಬಿದ್ದವರಿಗೆ ಅದು ನೇರವಾಗಿ ಮುಟ್ಟುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ದಾಖಲೆಯನ್ನಿಟ್ಟು ನೋಡಬೇಕು. ೨೦೧೬ರ ನವೆಂಬರ್ ೭ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಕೊನೆಯ ದೃಶ್ಯಕ್ಕಾಗಿ ಅನಿಲ್, ಉದಯ್ ಎಂಬ ಇಬ್ಬರು ಕಲಾವಿದರು ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದರು. ಅವರ ಮೈಮೇಲೆ ತೇಲುವ ರಕ್ಷಾಕವಚಗಳಿರಲಿಲ್ಲ. ಇಬ್ಬರೂ ಮುಳುಗಿ ಮಡಿದರು. ಅಂದು ನಾಡೆಲ್ಲ ಅವರ ಹೆಸರುಗಳನ್ನು ಕೇಳಿತು. ಅದಕ್ಕೆ ಹಿಂದಿನ ದಶಕಗಳಲ್ಲಿ ಕನ್ನಡ ಚಿತ್ರಗಳಿಗಾಗಿ ಎತ್ತರಗಳಿಂದ ಧುಮುಕಿ, ಒದ್ದೆ ಬಟ್ಟೆ ಹಿಂಡಿಕೊಂಡು ಸಂಜೆ ಮನೆಗೆ ಹೋದವರ ಹೆಸರುಗಳನ್ನು ಯಾರೂ ಕೇಳಲಿಲ್ಲ.

ಮೇಲ್ಕಂಡ ನಿದರ್ಶನಗಳಿಂದ ನಾವು ತಳೆಯುವ ನಿರ್ಣಯವಿಷ್ಟು. ಈ ವೃತ್ತಿಯಲ್ಲಿ ಕೆಲಸ ಕೆಟ್ಟಾಗ ದಾಖಲೆ ಹುಟ್ಟುತ್ತದೆ, ಕೆಲಸ ಕೂಡಿಬಂದಾಗ ದಾಖಲೆ ಅಳಿಯುತ್ತದೆ. ಸುರಕ್ಷಿತವಾಗಿ ಬೀಳುವ ವಿದ್ಯೆ ಬರವಣಿಗೆಗೆ ಇಳಿಯದೆ ಗುರುವಿನ ಮೈಯಿಂದ ಶಿಷ್ಯನ ಮೈಗೆ ಸಾಗಿ ಬಂದುದರಿಂದ, ಹಿರಿಯನೊಬ್ಬ ಕಣ್ಮುಚ್ಚಿದೊಡನೆ ಅದರ ಒಂದು ಪಾಲು ನಷ್ಟವಾಗುತ್ತದೆ. ಆ ನಷ್ಟ ಕೇವಲ ಚರಿತ್ರೆಯದಲ್ಲ. ಮುಂದೆ ಧುಮುಕುವವನ ಜೀವವೂ ಆ ವಿದ್ಯೆಯನ್ನೇ ಅವಲಂಬಿಸಿದೆ. ಆದುದರಿಂದ ವಯೋವೃದ್ಧರಾದ ಸಾಹಸ ಕಲಾವಿದರನ್ನು ಕಂಡು, ಯಾವ ಚಿತ್ರದಲ್ಲಿ ಯಾರ ಪರವಾಗಿ ಯಾವ ಎತ್ತರದಿಂದ ಹೇಗೆ ಬಿದ್ದರೆಂಬುದನ್ನು ಅವರ ಬಾಯಿಂದಲೇ ಬರೆದುಕೊಳ್ಳುವ ಕಾರ್ಯಕ್ಕೆ ನಮ್ಮ ವಿದ್ಯಾರ್ಥಿಗಳು ತೊಡಗಬೇಕೆಂದು ಆಶಿಸುತ್ತೇವೆ. ಬದುಕಿ ಮನೆಗೆ ಬಂದವರಿಗೂ ಒಂದು ಕಲ್ಲು ನಿಲ್ಲಲಿ.